ಇಳಿದವನ ಪಾಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಕೊನೆಗೌಡ ಜೀವ ಪಣಕ್ಕಿಟ್ಟು ಅಡಿಕೆ ಮರ ಏರುತ್ತಾನೆ. ಬಿದ್ದರೆ ಪೆಟ್ಟು ಅವನಿಗೆ, ಫಸಲು ತೋಟದವರಿಗೆ. ಕೋಲಾರದ ಚಿನ್ನದ ಗಣಿ ಎಂದಾಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಅಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಚಿನ್ನ ತೆಗೆದರು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತು ಆಳದಲ್ಲಿ ನೀರು ತುಂಬಿತು, ಗಾಳಿಯಾಡುವುದು ನಿಂತಿತು. ಆದರೂ 2020ರ ಮೇ ತಿಂಗಳಲ್ಲಿ ಕಳವಿಗೆಂದು ಇಳಿದ ಮೂವರು ಪ್ರಾಣ ಬಿಟ್ಟರು.

ಕಳವು ತಪ್ಪೇ, ಸಂದೇಹವಿಲ್ಲ. ಆದರೆ ಕುತೂಹಲಕ್ಕೆ ಪಾಳುಗಣಿ ಹೊಕ್ಕವನನ್ನು ಸಾಹಸಿ ಎನ್ನುವ ನಾವು, ಹೊಟ್ಟೆಪಾಡಿಗೆ ಹೊಕ್ಕವನನ್ನು ದುರಾಸೆಯವನೆನ್ನುತ್ತೇವೆ. ಕತ್ತಲು ಇಬ್ಬರಿಗೂ ಒಂದೇ. ಗಣಿಯ ಬಾಯಿಗೆ ಬೇಲಿ ಬೇಕು, ನಿಜ. ಊರಿಗೆ ಕೆಲಸವೂ ಬೇಕು. ಬೆರಳಿನ ಉಂಗುರ ನೋಡಿಕೊಳ್ಳುವಾಗಲಾದರೂ ಕೇಳಿಕೊಳ್ಳೋಣ: ಇದರ ಅಪಾಯ ಹೊತ್ತವರು ಯಾರು?