ಹುಡುಗನಿಗೆ ಎಷ್ಟು ಕಾಲ ಕೊಡೋಣ?

ಕೊಡಗಿನಲ್ಲಿ ಹಾಕಿ ನೋಡಲು ಬರುವವರು ಆಟ ಬಲ್ಲವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಆ ವರ್ಷ ಬಂದದ್ದು 60 ಒಕ್ಕಗಳು, ಅಂದರೆ ಕೊಡವ ಮನೆತನಗಳು. 2025ರಲ್ಲಿ ಮುದ್ದಂಡ ಒಕ್ಕದವರು ಮಡಿಕೇರಿಯಲ್ಲಿ ನಡೆಸಿದ ಹಬ್ಬಕ್ಕೆ 396 ತಂಡಗಳು ಹೆಸರು ಕೊಟ್ಟವು. ನರೆತ ತಲೆಯ ಹಿರಿಯರು, ಶಾಲೆಗೆ ಹೋಗುವ ಮಕ್ಕಳು, ಮನೆಯ ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಇಳಿಯುವ ಹಬ್ಬ ಅದು. ಹಾಗಾಗಿ ಗ್ಯಾಲರಿಯಲ್ಲಿ ಕೂತವರಲ್ಲಿ ಬಹಳ ಮಂದಿ ಒಂದಲ್ಲ ಒಂದು ಕಾಲದಲ್ಲಿ ಸ್ಟಿಕ್ ಹಿಡಿದವರೇ. ಹತ್ತೊಂಬತ್ತು ವರ್ಷದ ಫಾರ್ವರ್ಡ್ ಒಬ್ಬ ಗೋಲಿನ ಮುಂದಿನ ಡಿ ಒಳಗೆ ಚೆಂಡು ಸಿಕ್ಕಿಯೂ ಗೋಲು ಬಿಟ್ಟನೆಂದರೆ ಅವರಿಗೆ ಬರುವ ಸಿಟ್ಟು ಸ್ವಂತ ಮನೆಯ ಹುಡುಗನ ಮೇಲೆ ಬರುವ ಸಿಟ್ಟು.

ಆಮೇಲೆ ಮಾತು ಶುರುವಾಗುತ್ತದೆ. ಓಟ ಇದೆ, ತಲೆ ಎತ್ತಿ ನೋಡುವುದಿಲ್ಲ ಎನ್ನುತ್ತಾರೆ ಒಬ್ಬರು. ಕ್ಯಾಂಪಿಗೆ ಹೋದ ಮೇಲೆಯೇ ಇವನ ಆಟ ಕೆಟ್ಟದ್ದು, ಮೊದಲಿದ್ದ ಡಾಡ್ಜ್ ಎಲ್ಲಿ ಹೋಯಿತು ಎಂದು ಇನ್ನೊಬ್ಬರು. ಬೇಗ ಮೇಲೆ ಹತ್ತಿಸಿದರು, ಇನ್ನೆರಡು ವರ್ಷ ಜೂನಿಯರ್ ತಂಡದಲ್ಲೇ ಬಿಡಬೇಕಿತ್ತು ಎಂದು ಮೂರನೆಯವರು. ಬಿಟ್ಟಿದ್ದರೆ ಮರೆತೇಬಿಡುತ್ತಿದ್ದರು ಕಣಣ್ಣ, ಒಮ್ಮೆ ಮರೆತರೆ ಯಾರು ಕರೆಯುತ್ತಾರೆ ಎಂದು ನಾಲ್ಕನೆಯವರು. ಈ ನಾಲ್ಕು ಮಾತಿನಲ್ಲೂ ನಿಜವಿದೆ. ನನ್ನ ತಕರಾರು ಒಂದೇ: ಇವನ್ನೆಲ್ಲ ನಾವು ತೀರ್ಪಿನ ಹಾಗೆ ಹೇಳುತ್ತೇವೆ, ಅದೂ ಹುಡುಗ ಆಡುವುದನ್ನು ಕಲಿಯುತ್ತಿರುವ ಹೊತ್ತಿನಲ್ಲಿ.

ಈ ವಾದ ಇತ್ತೀಚೆಗೆ ಬಿರುಸಾಗಿರುವುದಕ್ಕೆ ಕಾರಣವಿದೆ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಕೊಡಗಿನವರೇ ನಾಲ್ವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. 41 ವರ್ಷಗಳ ಬಳಿಕ ಪದಕ ತಂದ ಟೋಕಿಯೊ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಮತ್ತೆ ಕಂಚು ಬಂದ ಪ್ಯಾರಿಸ್ ತಂಡದಲ್ಲೂ ಇರಲಿಲ್ಲ. ಭಾರತ ತಂಡದ ಕ್ಯಾಂಪ್ ನಡೆಯುವುದು ನಮ್ಮದೇ ಬೆಂಗಳೂರಿನ ಸಾಯ್ ಕೇಂದ್ರದಲ್ಲಿ, ಅಲ್ಲಿಂದ ಪದಕಕ್ಕೆ ಹೊರಟ ತಂಡದಲ್ಲಿ ನಮ್ಮ ಹುಡುಗರಿಲ್ಲ ಎಂಬ ನೋವು ಸಣ್ಣದಲ್ಲ. ಈಗ ಈ ಕಡೆಯಿಂದ ಯಾವ ಹುಡುಗನ ಹೆಸರು ಸಂಭಾವ್ಯರ ಪಟ್ಟಿಗೆ ಬಂದರೂ ಆ ನಾಲ್ವರ ಜಾಗದ ಭಾರವಷ್ಟೂ ಅವನೊಬ್ಬನ ಹೆಗಲ ಮೇಲೆ ಬೀಳುತ್ತದೆ. ಅದು ಅವನು ಕೇಳಿ ಪಡೆದ ಭಾರವಲ್ಲ.

ಸುನಿಲ್ ಅವರ ದಾರಿಯನ್ನು ನಿಧಾನವಾಗಿ ನೋಡಬೇಕು ಎನ್ನಿಸುವುದು ಇದಕ್ಕೇ. ಸೋಮವಾರಪೇಟೆಯ ಹುಡುಗ. 2007ರಲ್ಲಿ ಚೆನ್ನೈನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಆಡಿದಾಗ ವಯಸ್ಸು ಹದಿನೆಂಟು. ಭಾರತ ಗೆದ್ದಿತು. ಎಲ್ಲರ ಕಣ್ಣಿಗೂ ಮೊದಲು ಬಿದ್ದದ್ದು ಅವರ ವೇಗ. 2009ರಲ್ಲಿ ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಶಾ ಟೂರ್ನಿ ನಡೆಯುತ್ತಿದ್ದಾಗ ಊರಿನಲ್ಲಿ ತಂದೆ ತೀರಿಕೊಂಡರು. ಸುನಿಲ್ ಅಲ್ಲೇ ಉಳಿದು ಆಡಿದರು, ಭಾರತ ಆ ಕಪ್ ಗೆದ್ದಿತು. ಇಪ್ಪತ್ತು ವರ್ಷವೂ ತುಂಬದವನ ಎದೆಯಲ್ಲಿ ಆ ದಿನಗಳಲ್ಲಿ ಏನಿತ್ತು ಎಂಬುದು ಬಲ ಅಂಚಿನಲ್ಲಿ ಅವನ ಓಟ ನೋಡಿದವರಿಗೆ ಕಾಣುವಂತಿರಲಿಲ್ಲ. ಆಮೇಲೆ 2012ರ ಲಂಡನ್. ಆಡಿದ ಆರೂ ಪಂದ್ಯ ಸೋತು ಭಾರತ ಹನ್ನೆರಡನೆಯ ಸ್ಥಾನಕ್ಕೆ, ಅಂದರೆ ಕೊನೆಗೆ, ಬಿದ್ದ ಒಲಿಂಪಿಕ್ಸ್ ಅದು. ತಂಡದಲ್ಲಿದ್ದ ಪ್ರತಿಯೊಬ್ಬ ಆಟಗಾರನ ಆಟವೂ ಮುಗಿಯಿತು ಎಂದು ಜನ ಆಗ ಆಡಿಕೊಂಡಿದ್ದರು. ಎರಡು ವರ್ಷಕ್ಕೆ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಬಂದ ಚಿನ್ನದ ತಂಡದಲ್ಲಿ ಸುನಿಲ್ ಇದ್ದರು. 2016ರಲ್ಲಿ ಏಷ್ಯಾದ ವರ್ಷದ ಆಟಗಾರ, 2017ರಲ್ಲಿ ಅರ್ಜುನ ಪ್ರಶಸ್ತಿ. ಮೊದಲ ಪಂದ್ಯದಿಂದ ಇಲ್ಲಿಗೆ ಬರಲು ಹಿಡಿದದ್ದು ಹತ್ತು ವರ್ಷ. ನಡುವಿನ ಯಾವುದೋ ಒಂದು ಟೂರ್ನಿ ನೋಡಿ ಅವರ ಮೇಲೆ ಗೆರೆ ಎಳೆದಿದ್ದರೆ?

2018ರಲ್ಲಿ ಭುವನೇಶ್ವರದ ವಿಶ್ವಕಪ್ ಎದುರಿಗಿದ್ದಾಗ ಮಂಡಿ ಕೈಕೊಟ್ಟಿತು. ತವರಿನ ವಿಶ್ವಕಪ್ ತಪ್ಪಿತು. ಟೋಕಿಯೊಗೂ ಆಯ್ಕೆಯಾಗಲಿಲ್ಲ. 2021ರ ಅಕ್ಟೋಬರಿನಲ್ಲಿ ನಿವೃತ್ತಿ ಹೇಳಿದಾಗ ಅವರ ಲೆಕ್ಕ 264 ಪಂದ್ಯ, 72 ಗೋಲು. ಗೋಲನ್ನಷ್ಟೇ ಎಣಿಸುವವರಿಗೆ ಇದು ಕಡಿಮೆ. ಆದರೆ ಬಲ ಅಂಚಿನಲ್ಲಿ ಅಂಥ ಓಟಗಾರನೊಬ್ಬ ಇದ್ದಾನೆಂದರೆ ಎದುರಾಳಿ ಡಿಫೆಂಡರ್ ನಾಲ್ಕು ಹೆಜ್ಜೆ ಹಿಂದೆಯೇ ನಿಲ್ಲಬೇಕಾಗುತ್ತದೆ. ಅವನು ಹಿಂದೆ ನಿಂತರೆ ನಮ್ಮ ಮಿಡ್‌ಫೀಲ್ಡ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಮುಂದೆ ಬಂದು ಡಿ ಒಳಗೆ ಅಡ್ಡ ಹಾಕಿದರೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಆ ಕಾರ್ನರ್‌ನಿಂದ ಗೋಲಾದರೆ ಸ್ಕೋರ್‌ಬೋರ್ಡಿನಲ್ಲಿ ಬರುವುದು ಡ್ರ್ಯಾಗ್ ಫ್ಲಿಕರ್ ಹೆಸರು. ಓಡಿದವನ ಹೆಸರಿಗೆ ಅಲ್ಲಿ ಸಾಲಿಲ್ಲ.

ನಮ್ಮ ಹೊಸ ಹುಡುಗರನ್ನು ಅಳೆಯುವಾಗ ಈ ಸಂಗತಿಗಳೇ ತಪ್ಪಿಹೋಗುತ್ತವೆ. ಹಾಕಿಯಲ್ಲಿ ಫಾರ್ವರ್ಡ್ ಗೋಲು ಹೊಡೆಯಬೇಕಾದರೆ 14.63 ಮೀಟರಿನ ಡಿ ಒಳಗೇ ಹೊಡೆಯಬೇಕು. ಅಲ್ಲಿ ಅವನಿಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎದುರಿಗೆ ನೂರಾರು ಅಂತರರಾಷ್ಟ್ರೀಯ ಪಂದ್ಯ ಆಡಿದ ಬೆಲ್ಜಿಯಮ್ಮಿನವನೋ ಡಚ್ಚಿನವನೋ ನಿಂತಿರುತ್ತಾನೆ. ಚೆಂಡು ಬರುವ ಮೊದಲೇ ಹುಡುಗ ಎರಡು ಸಲ ಹೆಗಲ ಮೇಲಿಂದ ನೋಡಿ ಎಲ್ಲಿ ಯಾರಿದ್ದಾರೆ ಎಂದು ತಿಳಿದಿರಬೇಕು. ಈ ನೋಟ ಬರುವುದು ಪಂದ್ಯಗಳಿಂದ, ಬೇರೆ ದಾರಿಯಿಲ್ಲ. ತಲೆ ಎತ್ತಿ ನೋಡುವುದಿಲ್ಲ ಎಂಬ ಗ್ಯಾಲರಿಯ ದೂರು ಸರಿಯೇ. ಅದು ಬಲಿಯುವುದೇ ಕೊನೆಗೆ ಎಂಬುದನ್ನು ಮಾತ್ರ ನಾವು ಸೇರಿಸಿ ಹೇಳುವುದಿಲ್ಲ.

ಟರ್ಫ್ ಮಾತು ಬೇರೆಯೇ ಇದೆ. ಮಣ್ಣಿನ ಗ್ರೌಂಡಿನಲ್ಲಿ ಕಲಿತವನು ಚೆಂಡು ಎಗರುತ್ತದೆಂದು ಮೈಯನ್ನು ಅಡ್ಡವಿಟ್ಟು ತಡೆಯಲು ಕಲಿತಿರುತ್ತಾನೆ. ನೀರು ಹಾಯಿಸಿದ ಟರ್ಫಿನಲ್ಲಿ ಚೆಂಡು ನೆಲಕ್ಕೆ ಅಂಟಿದಂತೆ ಜಾರಿಕೊಂಡು ಬರುತ್ತದೆ, ವೇಗವೂ ಹೆಚ್ಚು. ಟ್ರ್ಯಾಪ್ ಮಾಡುವ ಕೈ ಇನ್ನೂ ಮೃದುವಾಗಬೇಕು. ಹದಿನೈದು ಹದಿನಾರು ವಯಸ್ಸಿನವರೆಗೆ ಮಣ್ಣಿನ ಮೇಲೆ ಆಡಿದವನು ಆ ಕೈ ಬದಲಿಸಿಕೊಳ್ಳುವಾಗ ಒಂದಷ್ಟು ಕಾಲ ಮೊದಲಿಗಿಂತ ಕೆಟ್ಟದಾಗಿಯೇ ಕಾಣುತ್ತಾನೆ. ಕ್ಯಾಂಪಿಗೆ ಹೋದ ಮೇಲೆ ಆಟ ಕೆಟ್ಟಿತು ಎಂದು ನಮಗೆ ಕಾಣುವುದು ಎಷ್ಟೋ ಸಲ ಇದೇ.

ಬದಲಿ ಆಟಗಾರರ ವಿಷಯದಲ್ಲೂ ಹಾಗೇ. ಈಗಿನ ಹಾಕಿಯಲ್ಲಿ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ಎಷ್ಟು ಸಲ ಬೇಕಾದರೂ ಬದಲಾವಣೆ. ಫಾರ್ವರ್ಡ್‌ಗಳನ್ನು ಕೆಲವೇ ನಿಮಿಷ ಪೂರ್ತಿ ಬಿರುಸಿನಲ್ಲಿ ಓಡಿಸಿ ಹೊರಗೆ ಕರೆಯುತ್ತಾರೆ. ಅದು ಶಿಕ್ಷೆಯಲ್ಲ. ಬೆಂಚಿಗೆ ಬಂದ ಹುಡುಗನ ಮುಖ ಟೀವಿಯಲ್ಲಿ ಕಂಡ ಕೂಡಲೇ, ಕೋಚಿಗೆ ಇವನ ಮೇಲೆ ನಂಬಿಕೆ ಹೋಯಿತು ಎಂದು ಹೇಳಿಬಿಡುವುದು ಅವಸರ.

ಅವಸರದ ತೀರ್ಪು ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಹರ್ಮನ್‌ಪ್ರೀತ್ ಸಿಂಗ್ ಸಾಕು. ರಿಯೊದಲ್ಲಿ ಅವರಿಗೆ ಇಪ್ಪತ್ತು. ಆ ಒಲಿಂಪಿಕ್ಸ್‌ನಲ್ಲಿ ಅವರ ಸ್ಟಿಕ್ಕಿನಿಂದ ಒಂದು ಗೋಲೂ ಬರಲಿಲ್ಲ. ಟೋಕಿಯೊದಲ್ಲಿ ಆರು ಬಂದವು. 2023ರಲ್ಲಿ ನಾಯಕನಾಗಿ ಆಡಿದ ತವರಿನ ವಿಶ್ವಕಪ್‌ನಲ್ಲಿ ಪೆನಾಲ್ಟಿ ಕಾರ್ನರ್‌ಗಳು ಕೈಗೂಡದೆ ಎಲ್ಲ ಕಡೆಯಿಂದ ಮಾತು ಕೇಳಿದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ, ಮರುವರ್ಷ ಪ್ಯಾರಿಸ್‌ನಲ್ಲಿ ಹತ್ತು ಗೋಲು. ಆ ಒಲಿಂಪಿಕ್ಸ್‌ನಲ್ಲಿ ಅಷ್ಟು ಗೋಲು ಮತ್ಯಾರೂ ಹೊಡೆಯಲಿಲ್ಲ. ಅವರ ಮೇಲೆ ನಂಬಿಕೆಯಿಟ್ಟು ಕಾದವರು ಇದ್ದರು ಎಂಬುದನ್ನು ಈ ಅಂಕಿಗಳ ಜೊತೆಗೇ ಓದಬೇಕು.

ಹಾಗೆಂದು ಕಾದರೆ ಎಲ್ಲರೂ ಬಲಿಯುತ್ತಾರೆ ಎಂದು ಹೇಳಿದರೆ ಅದು ಸುಳ್ಳು ಸಮಾಧಾನ. 2016ರ ಡಿಸೆಂಬರಿನಲ್ಲಿ ಲಖನೌದಲ್ಲಿ ಬೆಲ್ಜಿಯಂ ವಿರುದ್ಧ 2–1ರಲ್ಲಿ ಗೆದ್ದು ಭಾರತ ಜೂನಿಯರ್ ವಿಶ್ವಕಪ್ ಎತ್ತಿತು. ನಾಯಕ ಹರ್ಜೀತ್ ಸಿಂಗ್. ಅವರ ಬದುಕಿನ ಮೇಲೆ ಪಂಜಾಬಿಯಲ್ಲಿ ಸಿನಿಮಾವೇ ಬಂತು. ಅವರ ತಂಡದ ಹುಡುಗರಲ್ಲಿ ಹರ್ಮನ್‌ಪ್ರೀತ್, ಮನ್‌ದೀಪ್, ಗುರ್ಜಂತ್ ಟೋಕಿಯೊವರೆಗೆ ಹೋದರು. ಹರ್ಜೀತ್‌ಗೆ ಹಿರಿಯರ ತಂಡದಲ್ಲಿ ಜಾಗ ಗಟ್ಟಿಯಾಗಲೇ ಇಲ್ಲ. ಅದೇ ತಂಡದ ಸಿಮ್ರನ್‌ಜೀತ್ ಸಿಂಗ್ ಟೋಕಿಯೊಗೆ ಹೊರಟದ್ದು ಮೀಸಲು ಆಟಗಾರನಾಗಿ. ಕೋವಿಡ್ ಕಾರಣಕ್ಕೆ ಆ ಸಲ ನಿಯಮ ಸಡಿಲಿಸಿ ಮೀಸಲು ಆಟಗಾರರನ್ನೂ ಆಡಿಸಬಹುದು ಎಂದರು. ಜರ್ಮನಿ ವಿರುದ್ಧ 5–4ರಲ್ಲಿ ಕಂಚು ಗೆದ್ದ ಪಂದ್ಯದಲ್ಲಿ ಎರಡು ಗೋಲು ಸಿಮ್ರನ್‌ಜೀತ್ ಅವರದು. ನಿಯಮ ಬದಲಾಗದಿದ್ದರೆ ಅವರು ಹೊರಗೇ ಕೂತು ನೋಡುತ್ತಿದ್ದರು. ಲಖನೌದ ಆ ರಾತ್ರಿ ಗ್ಯಾಲರಿಯಲ್ಲಿದ್ದ ಯಾರನ್ನಾದರೂ ಕೇಳಿದ್ದರೆ, ಮುಂದೆ ಯಾರು ಎಲ್ಲಿರುತ್ತಾರೆ ಎಂದು ಸರಿಯಾಗಿ ಹೇಳಲಾಗುತ್ತಿರಲಿಲ್ಲ. ಆಯ್ಕೆದಾರರಿಗೂ ಆಗುತ್ತಿರಲಿಲ್ಲ.

ಇದನ್ನೆಲ್ಲ ಬರೆದದ್ದು ಗ್ಯಾಲರಿಯ ಬಾಯಿ ಮುಚ್ಚಿಸಲು ಅಲ್ಲ. ಊರಿನ ಜನ ಹುಡುಗನ ಟ್ರ್ಯಾಪ್ ಬಗ್ಗೆ ರಾತ್ರಿ ಊಟದವರೆಗೂ ವಾದ ಮಾಡುತ್ತಾರೆಂದರೆ ಆ ಊರಿನಲ್ಲಿ ಹಾಕಿ ಬದುಕಿದೆ ಎಂದರ್ಥ. ಆಟದ ಬಗ್ಗೆ ಎಷ್ಟು ಬೇಕಾದರೂ ಕಠಿಣವಾಗಿ ಮಾತಾಡಲಿ. ಇವನು ರಿವರ್ಸ್‌ನಲ್ಲಿ ಹೊಡೆಯಲು ಇನ್ನೂ ಕಲಿತಿಲ್ಲ ಎಂದರೆ ಅದು ಹುಡುಗನಿಗೆ ಉಪಯೋಗಕ್ಕೆ ಬರುವ ಮಾತು. ಇವನು ಇಷ್ಟೇ, ಇವನಿಂದ ಆಗದು ಎಂದರೆ ಅದರಲ್ಲಿ ಅವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಮೊದಲೆಲ್ಲ ಅಂಥ ಮಾತು ಗ್ರೌಂಡಿನಲ್ಲೇ ಕರಗುತ್ತಿತ್ತು. ಈಗ ಪಂದ್ಯ ಮುಗಿಸಿ ಬಸ್ಸಿನಲ್ಲಿ ಕೂತ ಹುಡುಗನ ಕೈಯಲ್ಲಿರುವ ಫೋನಿಗೆ ಅದು ಅವನಿಗಿಂತ ಮೊದಲೇ ಬಂದು ಕೂತಿರುತ್ತದೆ. ಅವನ ತಾಯಿಯ ಫೋನಿಗೂ.

ಇನ್ನೊಂದು ಸಂಗತಿ ಗ್ಯಾಲರಿಯ ಮಾತಿನಲ್ಲಿ ಬರುವುದೇ ಅಪರೂಪ, ಬರಬೇಕು ಎಂದು ನನ್ನ ಒತ್ತಾಯ. ನಮ್ಮ ಹಾಕಿ ಹುಡುಗರಲ್ಲಿ ಎಷ್ಟೋ ಮಂದಿ ಹನ್ನೆರಡು ಹದಿಮೂರು ವಯಸ್ಸಿಗೇ ಮನೆ ಬಿಟ್ಟು ಕ್ರೀಡಾ ಹಾಸ್ಟೆಲ್ ಸೇರಿದವರು. ಬೆಳಿಗ್ಗೆ ಗ್ರೌಂಡು, ಸಂಜೆ ಗ್ರೌಂಡು, ನಡುವೆ ಉಳಿದಷ್ಟು ಓದು. ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಕೈಯಲ್ಲಿ ಸ್ಟಿಕ್ ಬಿಟ್ಟು ಬೇರೇನೂ ಇಲ್ಲದವರು ಅವರಲ್ಲಿದ್ದಾರೆ. ನಾವು ಅವನ ಆಟಕ್ಕೆ ಇಷ್ಟೆಲ್ಲ ಲೆಕ್ಕ ಕೇಳುತ್ತೇವಲ್ಲ, ಇವನ್ನೂ ಕೇಳೋಣ: ಡಿಗ್ರಿ ಮುಗಿಸಲು ಯಾರಾದರೂ ಬಿಡುವು ಕೊಟ್ಟರಾ? ಮಂಡಿಗೆ ಆಪರೇಷನ್ ಆದರೆ ದುಡ್ಡು ಯಾರದು, ಆಮೇಲಿನ ಆರು ತಿಂಗಳು ಅವನು ಎಲ್ಲಿರುತ್ತಾನೆ? ತಂಡದಿಂದ ಕೈಬಿಟ್ಟಾಗ ಕಾರಣವನ್ನು ಯಾರಾದರೂ ಅವನನ್ನು ಕೂರಿಸಿಕೊಂಡು ಹೇಳಿದರಾ, ಅಥವಾ ಪಟ್ಟಿ ನೋಡಿಯೇ ಅವನಿಗೂ ಗೊತ್ತಾಯಿತಾ?