ನೋಟದ ಋಣ

ಕೈ ಕದ್ದರೆ ಕಳವು, ನಾಲಗೆ ತಪ್ಪಿದರೆ ಅನೃತ. ಇದನ್ನು ಎಲ್ಲರೂ ಬಲ್ಲರು. ಕಣ್ಣು ಮಾಡುವ ಹಿಂಸೆಯಾದರೋ ಲೆಕ್ಕಕ್ಕೆ ಬರುವುದು ವಿರಳ. ನೋಡಿದ ಮಾತ್ರಕ್ಕೆ ಯಾರಿಗೇನು ನಷ್ಟವೆಂದು ಮನಸ್ಸು ತನ್ನನ್ನು ತಾನೇ ಸಂತೈಸಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕ, ಯೂರೋಪುಗಳ ಪ್ರದರ್ಶನಶಾಲೆಗಳಲ್ಲಿ ಕಾಸು ತೆತ್ತು ಕುಳಿತ ಸಭ್ಯರೂ ಹೀಗೆಯೇ ಸಂತೈಸಿಕೊಂಡಿರಬೇಕು. ಅವರೆದುರು ನಿಂತವಳು ಜೂಲಿಯಾ ಪಾಸ್ತ್ರಾನಾ.

ಮೆಕ್ಸಿಕೋ ದೇಶದ ಮೂಲನಿವಾಸಿಗಳ ಕುಲದಲ್ಲಿ 1834ರಲ್ಲಿ ಹುಟ್ಟಿದ ಈಕೆಯ ಎತ್ತರ ಸುಮಾರು ನಾಲ್ಕೂವರೆ ಅಡಿ. ಮುಖವನ್ನೂ ಮೈಯನ್ನೂ ದಟ್ಟವಾದ ಕಪ್ಪು ರೋಮ ಮುಚ್ಚಿತ್ತು. ಅತಿಯಾಗಿ ಬೆಳೆದ ವಸಡುಗಳು ತುಟಿಗಳನ್ನು ಮುಂದಕ್ಕೆ ದೂಡಿದ್ದವು. ಇದು ಅತಿವಿರಳವಾದ ಜನ್ಮಜಾತ ಸ್ಥಿತಿಯೆಂದು ಇಂದಿನ ವೈದ್ಯಶಾಸ್ತ್ರ ಅರಿತಿದೆ. ಅಂದಾದರೋ, 1854ರಲ್ಲಿ ನ್ಯೂಯಾರ್ಕಿನ ವೈದ್ಯನೊಬ್ಬ ಆಕೆಯನ್ನು ಪರೀಕ್ಷಿಸಿ, ಮನುಷ್ಯನಿಗೂ ಒರಾಂಗುಟಾನ್ ವಾನರಕ್ಕೂ ಹುಟ್ಟಿದ ಮಿಶ್ರಜೀವಿಯೆಂದು ನುಡಿದನು. ಸಂತೆಯ ಡಂಗುರಕ್ಕೆ ವಿದ್ಯೆಯೇ ಕೋಲಾಯಿತು.

ಆ ರೋಮದ ಮರೆಯಲ್ಲಿದ್ದವಳು ಯಾರು? 1857ರಲ್ಲಿ ಲಂಡನ್ನಿನಲ್ಲಿ ಆಕೆಯನ್ನು ಕಂಡ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಬಕ್‌ಲ್ಯಾಂಡ್ ಆಕೆಯ ಇಂಪಾದ ಕಂಠವನ್ನು, ಸಂಗೀತ ನೃತ್ಯಗಳ ಅಭಿರುಚಿಯನ್ನು, ಮೂರು ಭಾಷೆಗಳ ಬಲ್ಮೆಯನ್ನು ಬರೆದಿಟ್ಟಿದ್ದಾನೆ. ಇನ್ನೊಂದು ಮಾತನ್ನೂ ಬರೆದಿದ್ದಾನೆ: ತನ್ನ ಗಳಿಕೆಯಲ್ಲಿ ಆಕೆ ಊರೂರಿನ ಸಂಸ್ಥೆಗಳಿಗೆ ಧಾರಾಳವಾಗಿ ಕೊಡುತ್ತಿದ್ದಳು. ಲೋಕದ ಅತ್ಯಂತ ಕುರೂಪಿ ಸ್ತ್ರೀಯೆಂದು ಭಿತ್ತಿಪತ್ರ ಸಾರುತ್ತಿದ್ದಾಗ ಆ ಸ್ತ್ರೀ ಪರರ ಹಸಿವನ್ನೂ ನೋವನ್ನೂ ನೆನೆಯುತ್ತಿದ್ದಳು! ನೋಡಬಂದವರಲ್ಲಿ ಎಷ್ಟು ಮಂದಿಗೆ ಇದು ಕಂಡಿತು?

ಆಕೆಯನ್ನು ಊರೂರು ತಿರುಗಿಸಿದ ವ್ಯವಸ್ಥಾಪಕ ಥಿಯೊಡೋರ್ ಲೆಂಟ್ ಆಕೆಯನ್ನೇ ಮದುವೆಯಾದನು. ಒಲವಿನಿಂದಲೋ, ಗಳಿಕೆ ಕೈಜಾರದಿರಲೆಂದೋ, ಮುಂದಿನ ನಡೆಯೇ ಹೇಳೀತು. 1860ರ ಮಾರ್ಚಿನಲ್ಲಿ ಮಾಸ್ಕೋ ನಗರದಲ್ಲಿ ಆಕೆ ಗಂಡುಮಗುವನ್ನು ಹೆತ್ತಳು. ತಾಯಿಯಂತೆಯೇ ರೋಮಾವೃತವಾಗಿದ್ದ ಶಿಶು ಎರಡು ದಿನ ತುಂಬುವ ಮೊದಲೇ ತೀರಿತು. ಕೆಲವೇ ದಿನಗಳಲ್ಲಿ ತಾಯಿಯೂ ತೀರಿದಳು. ಅಲ್ಲಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೊಬ್ಬ ಎರಡು ದೇಹಗಳನ್ನೂ ಕೆಡದಂತೆ ಸಂಸ್ಕರಿಸಿದನು. ಗಂಡನು ಅವುಗಳನ್ನು ಪಡೆದು, ಗಾಜಿನ ಹಿಂದೆ ನಿಲ್ಲಿಸಿ, ಮತ್ತೆ ಕಾಸೆತ್ತಿದನು. 1862ರಲ್ಲಿ ಲಂಡನ್ನಿಗೆ ಬಂದ ಆ ಶವದಲ್ಲಿ ಬಕ್‌ಲ್ಯಾಂಡ್ ತಾನು ಮಾತನಾಡಿಸಿದ್ದ ಮುಖವನ್ನು ಗುರುತಿಸಿದನು. ಲೆಂಟನಾದರೋ ಗಡ್ಡ ಬೆಳೆದಿದ್ದ ಮತ್ತೊಬ್ಬಳನ್ನು ವರಿಸಿ, ಜೂಲಿಯಾಳ ತಂಗಿಯೆಂದು ಸಾರಿ, ಆಕೆಯನ್ನೂ ವೇದಿಕೆಗೇರಿಸಿದನು. ಕೊನೆಗೆ ಮತಿಗೆಟ್ಟು ರಷ್ಯದ ಹುಚ್ಚಾಸ್ಪತ್ರೆ ಸೇರಿದನು. ಕರ್ಮಫಲವೆಂದು ಅವನತ್ತ ಬೆರಳು ತೋರಿ ನಲಿಯುವುದು ಸುಲಭ. ಅದೂ ಅಂಥದೇ ನೋಟ. ಮಾರುವವನೊಬ್ಬನಿಂದ ಸಂತೆ ನೆರೆಯದು. ಲೆಂಟ್ ಸತ್ತ ಮೇಲೂ ಶವದ ತಿರುಗಾಟ ನಿಲ್ಲಲಿಲ್ಲ. ಕೈಯಿಂದ ಕೈಗೆ ಸಾಗಿ ನಾರ್ವೆ ಸೇರಿ, 1970ರ ದಶಕದವರೆಗೂ ಅದು ಜನರೆದುರು ನಿಂತಿತು. ನೋಡುವ ಕಣ್ಣುಗಳಿಗೆ ಕೊರತೆಯೇ ಇರಲಿಲ್ಲ.

1979ರಲ್ಲಿ ಆ ಶವ ಕಳವಾಗಿ, ಸಿಕ್ಕಿದ ಬಳಿಕ ಬಹುಕಾಲ ಆಸ್ಲೋದಲ್ಲಿ ಉಳಿಯಿತು. ಮಗುವಿನ ದೇಹ ಅದಕ್ಕೂ ಮೊದಲೇ ಹಾಳಾಗಿತ್ತು. ಮೆಕ್ಸಿಕೋದ ಕಲಾವಿದೆ ಲಾರಾ ಆಂಡರ್ಸನ್ ಬರ್ಬಾಟಾ ವರ್ಷಗಟ್ಟಲೆ ಮನವಿ ಮಾಡಿ, ಆಕೆಯನ್ನು ಹುಟ್ಟುನಾಡಿಗೆ ಕಳುಹಿಸುವಂತೆ ಒಡಂಬಡಿಸಿದಳು. 2013ರ ಫೆಬ್ರವರಿಯಲ್ಲಿ, ಸತ್ತು 153 ವರ್ಷಗಳ ತರುವಾಯ, ಸಿನಾಲೋವಾ ದೆ ಲೇವಾ ಎಂಬ ಊರಿನಲ್ಲಿ ಕ್ರೈಸ್ತವಿಧಿಯಂತೆ ಜೂಲಿಯಾ ಮಣ್ಣು ಸೇರಿದಳು. ಜನ ಕಿಕ್ಕಿರಿದು ಬಂದಿದ್ದರು. ಪೆಟ್ಟಿಗೆ ಮುಚ್ಚಿಯೇ ಇತ್ತು. ಜನ ತಂದುದು ಬಿಳಿಯ ಹೂಗಳನ್ನು.