ಸಂಶಯವೂ ಕಳವಳವೂ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಕಲ್ಲುಕೆಲಸಕ್ಕೆ ಹೆಸರಾದ ಊರು. ದೇವಾಲಯಗಳಿಗೆ ಬೇಕಾದ ಮೂರ್ತಿಗಳನ್ನು ಕಡೆಯುವ ಮನೆತನಗಳು ಅಲ್ಲಿ ತಲೆಮಾರುಗಳಿಂದ ನೆಲಸಿವೆ. ಚಾಣದ ಸದ್ದಿನೊಡನೆ ಈಚೆಗೆ ಕಲ್ಲು ಕೊಯ್ಯುವ ಯಂತ್ರದ ಸದ್ದೂ ಸೇರಿದೆ. ಮನಸ್ಸಿನ ಸಂಶಯವನ್ನು ಕುರಿತು ವಿಚಾರಮಾಡುವಾಗ ಈ ಊರನ್ನು ನೆನೆಯುವುದಕ್ಕೆ ಕಾರಣವುಂಟು. ಕುಂಬಾರನು ಮಣ್ಣನ್ನು ಮತ್ತೆ ಕಲಸಬಹುದು. ಕವಿಯು ಬರೆದ ಪದವನ್ನು ಹೊಡೆದುಹಾಕಬಹುದು. ಸಿಡಿದುಹೋದ ಚಕ್ಕೆಯನ್ನು ಶಿಲ್ಪಿಯು ಹಿಂದಕ್ಕೆ ಕರೆಯಲಾರನು. ಭಿನ್ನವಾದ ವಿಗ್ರಹವು ಪೂಜೆಗೆ ಸಲ್ಲದು. ಇಂತಹ ಕೆಲಸಕ್ಕೆ ಕೈಯಿಡುವವನಿಗೆ ತನ್ನಲ್ಲಿ ಸಂಶಯವಿರಬೇಕೊ, ಇರಬಾರದೊ?

ಸಂಶಯವು ನಾಶಕ್ಕೆ ದಾರಿಯೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಗೀತೆಯ ನಾಲ್ಕನೆಯ ಅಧ್ಯಾಯವನ್ನು ಅದಕ್ಕೆ ಆಧಾರವಾಗಿ ತೋರಿಸುವುದೂ ವಾಡಿಕೆ. ಆದರೆ ಅಲ್ಲಿ ಖಂಡಿತನಾದವನಿಗೆ ಇನ್ನೆರಡು ವಿಶೇಷಣಗಳಿವೆ; ಅವನು ಅರಿವಿಲ್ಲದವನು, ಶ್ರದ್ಧೆಯಿಲ್ಲದವನು. ಎಂದರೆ, ತಾನೂ ತಿಳಿಯಲೊಲ್ಲದೆ, ತಿಳಿದವರನ್ನೂ ನಂಬಲೊಲ್ಲದೆ, ಸಂಶಯದಲ್ಲಿಯೇ ಮನೆ ಕಟ್ಟಿಕೊಂಡವನು. ಸಂಶಯಪಡುವುದೇ ಪಾಪವಾಗಿದ್ದರೆ ಅರ್ಜುನನಿಗೆ ಉತ್ತರವೇ ದೊರೆಯುತ್ತಿರಲಿಲ್ಲ, ಗೀತೆಯೇ ಹುಟ್ಟುತ್ತಿರಲಿಲ್ಲ.

ನ್ಯಾಯಶಾಸ್ತ್ರವಂತೂ ಸಂಶಯಕ್ಕೆ ಗೌರವದ ಪೀಠವನ್ನೇ ಕೊಟ್ಟಿದೆ. ಗೌತಮನು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಮೂರನೆಯದಾಗಿ ಅದು ನಿಂತಿದೆ. ಏನೂ ಅರಿಯದ ವಿಷಯದಲ್ಲಿ ವಿಚಾರ ಹೊರಡದು, ನಿಶ್ಚಯವಾದುದರಲ್ಲಿಯೂ ಹೊರಡದು. ಸಂದೇಹವಿದ್ದೆಡೆಯಲ್ಲಿಯೇ ಹೊರಡುವುದೆಂದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಮುಸ್ಸಂಜೆಯಲ್ಲಿ ದೂರಕ್ಕೆ ನೆಟ್ಟಗೆ ಕಾಣುವುದು ಮೋಟುಮರವೊ ಮನುಷ್ಯನೊ ಎಂಬ ಉದಾಹರಣೆಯನ್ನು ಪಾಠಶಾಲೆಯ ಹುಡುಗರೂ ಬಲ್ಲರು. ಅದಕ್ಕೆ ಪರಿಹಾರ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು. ಹೋಗದೆ, ನಿಂತಲ್ಲಿಯೇ ಕಳ್ಳನಿರಬಹುದು, ಪಿಶಾಚಿಯಿರಬಹುದು ಎಂದು ಬೆವರುವುದು ಸಂಶಯವಲ್ಲ, ಅದು ಕಳವಳ. ಸಂಶಯಕ್ಕೆ ಎರಡು ಪಕ್ಷಗಳಿವೆ, ಪರೀಕ್ಷೆಯಿಂದ ಒಂದು ಬಿದ್ದುಹೋಗುತ್ತದೆ. ಕಳವಳಕ್ಕೆ ಪಕ್ಷಗಳೇ ಇಲ್ಲ. ಒಂದು ಉತ್ತರ ಕೊಟ್ಟರೆ ಮತ್ತೊಂದು ಪ್ರಶ್ನೆಯನ್ನು ಹೆರುತ್ತದೆ. ಈ ಎರಡಕ್ಕೂ ಒಂದೇ ಹೆಸರಿಟ್ಟುದರಿಂದಲೇ ಲೋಕದಲ್ಲಿ ಅನೇಕ ಹಿತವಚನಗಳು ಗುರಿತಪ್ಪುತ್ತವೆ.

ಶಿಲ್ಪಿಗಳ ಶಾಸ್ತ್ರದಲ್ಲಿ ಈ ಭೇದವು ಬಲು ಸ್ಪಷ್ಟವಾಗಿದೆ. ಶಿಲಾಪರೀಕ್ಷೆಯೆಂಬುದು ಸಂಶಯಕ್ಕೆ ವಿಧಿಪೂರ್ವಕವಾಗಿ ಕೊಟ್ಟ ಕಾಲ. ಕಲ್ಲನ್ನು ತಟ್ಟಿ ನಾದವನ್ನು ಕೇಳಬೇಕು. ತುಂಬಿ ನುಡಿಯುವುದು ಯಾವುದು, ಮಂಕಾಗಿ ನುಡಿಯುವುದು ಯಾವುದು ಎಂದು ನೋಡಬೇಕು. ಬಿರುಕು, ಗೆರೆ, ಮಚ್ಚೆ, ಒಳಗಿನ ಪೊಳ್ಳುಗಳನ್ನು ಹುಡುಕಬೇಕು. ತಾಳಮಾನದ ಅಳತೆಯನ್ನು ಹಾಕಬೇಕು. ಅಲ್ಲಿಯವರೆಗೆ ಸಂಶಯಕ್ಕೆ ಮಣೆ. ಆಮೇಲೆ ಚಾಣ ಹಿಡಿದ ಕೈಗೆ ಅದರ ಗೊಡವೆ ಬೇಡ. ಅಂಜುತ್ತ ಹೊಡೆದ ಪೆಟ್ಟು ನೇರವಾಗಿ ಬೀಳದು. ಹಾಗೆಂದು ಕಿವಿ ಮುಚ್ಚಿಕೊಳ್ಳುವುದಲ್ಲ. ಕಲ್ಲಿನ ಸದ್ದು ಬದಲಾದರೆ ಕೈ ನಿಲ್ಲಲೇಬೇಕು.

ಜಕಣಾಚಾರಿಯ ಕಥೆ ಇತಿಹಾಸವಲ್ಲ, ಐತಿಹ್ಯ. ಆದರೂ ಇಲ್ಲಿ ಸಲ್ಲುತ್ತದೆ. ಬೇಲೂರಿನ ಮೂರ್ತಿಯ ಕಲ್ಲಿನಲ್ಲಿ ದೋಷವಿದೆಯೆಂದು ಊರಿಗೆ ಹೊಸಬನಾದ ಒಬ್ಬ ಹುಡುಗ ಹೇಳಿದನು. ಮೂರ್ತಿಗೆ ಗಂಧ ಬಳಿದರು. ಎಲ್ಲ ಕಡೆಯೂ ಒಣಗಿದ ಗಂಧ ಹೊಕ್ಕುಳ ಬಳಿ ಒಣಗಲಿಲ್ಲ. ಅಲ್ಲಿ ಒಡೆದಾಗ ಕಪ್ಪೆ ಹೊರಬಿದ್ದಿತು. ದೋಷ ತೋರಿದರೆ ಕೈ ಕಡಿದುಕೊಳ್ಳುವೆನೆಂದು ಪಣ ತೊಟ್ಟಿದ್ದ ಜಕಣನು ಹಾಗೆಯೇ ಮಾಡಿದನಂತೆ. ಎದೆಗುಂದಿದವನಿಗೆ ‘ನಿನ್ನನ್ನು ನೀನು ನಂಬು’ ಎಂದು ಉಪದೇಶಿಸುವವರು ಇದನ್ನು ಯೋಚಿಸಬೇಕು. ಜಕಣನಿಗೆ ಆತ್ಮವಿಶ್ವಾಸದ ಕೊರತೆಯಿತ್ತೆ? ಹುಡುಗನ ಸಂಶಯವು ಗಂಧದ ಬಟ್ಟಲನ್ನು ತರಿಸಿತು. ಹಿರಿಯನ ನಂಬಿಕೆಯು ಪಣವನ್ನು ತೊಡಿಸಿತು.

ಕಷ್ಟಕಾಲದಲ್ಲಿ ಈ ವಿವೇಕವು ಸುಲಭವಲ್ಲ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಕರ್ನಾಟಕದ ದೇವಾಲಯಗಳು ಭಕ್ತರಿಗೆ ಮತ್ತೆ ತೆರೆದುದು ಜೂನ್ 8ರಂದು. ಮರುವರ್ಷ ಪುನಃ ಮುಚ್ಚಿದುವು. ಗುಡಿಯನ್ನೇ ನಂಬಿದ ಕಸುಬಿನ ಮನೆಯಲ್ಲಿ ಆಗ ಎಂತಹ ಪ್ರಶ್ನೆಗಳು ಏಳುತ್ತವೆಂಬುದನ್ನು ಊಹಿಸಬಹುದು. ಎಷ್ಟು ದಿನದ ರಾಗಿಯಿದೆ, ಮುಂಗಡ ಕೊಟ್ಟವರು ಮೂರ್ತಿಯನ್ನು ಒಯ್ಯುವರೆ, ಸಾಲದವನು ಎಷ್ಟು ತಾಳುವನು? ಇವು ಸಂಶಯಗಳು, ಕೇಳಬೇಕಾದ ಜಾಗವೂ ಜನವೂ ಉಂಟು. ಜನ ಇನ್ನು ಗುಡಿಗೆ ಬಂದಾರೆ, ಮಗನಿಗೆ ಈ ವಿದ್ಯೆ ಕಲಿಸಿದ್ದು ತಪ್ಪಾಯಿತೆ, ತನಗೆ ಯೋಗ್ಯತೆಯೇ ಇರಲಿಲ್ಲವೆ? ಇವು ರಾತ್ರಿ ಎರಡನೆಯ ಜಾವದಲ್ಲಿ ಬರುವಂಥವು. ಅವಕ್ಕೆ ಸಾಕ್ಷಿ ಕರೆಯಲು ಆ ಹೊತ್ತಿನಲ್ಲಿ ಯಾರೂ ಇಲ್ಲ.

ಕಳವಳವು ಮನುಷ್ಯನನ್ನು ಕುಗ್ಗಿಸಿ ಕೂರಿಸುವುದೆಂದಷ್ಟೇ ತಿಳಿಯಬಾರದು, ಓಡಿಸುವುದೂ ಉಂಟು. ಕೋಲಾರದ ಸೀಮೆಯಲ್ಲಿ ಸಾವಿರ ಅಡಿ ದಾಟಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳನ್ನು ಅರಿಯದವರಾರು? ಮೊದಲನೆಯದು ಬತ್ತಿದ ವಾರದಲ್ಲಿಯೇ ಸಾಲ ತಂದು ಎರಡನೆಯದನ್ನು ಕೊರೆಸುವ ರೈತನನ್ನು ಧೈರ್ಯವಂತನೆನ್ನುತ್ತಾರೆ. ಅನೇಕ ವೇಳೆ ಅದು ಸುಮ್ಮನೆ ಕೂರಲಾರದ ಭಯ.

ಪರೀಕ್ಷೆಗೆ ಸಿಕ್ಕದ ಪ್ರಶ್ನೆಗಳ ಗತಿಯೇನು? ಪತಂಜಲಿಯು ಸಂಶಯವನ್ನು ಯೋಗದ ಒಂಬತ್ತು ಅಂತರಾಯಗಳಲ್ಲಿ ಸೇರಿಸಿ, ಅವಕ್ಕೆ ಪ್ರತಿಯಾಗಿ ಒಂದೇ ತತ್ತ್ವದ ಅಭ್ಯಾಸವನ್ನು ವಿಧಿಸಿದನು. ಪ್ರಶ್ನೆಯನ್ನು ಗೆಲ್ಲು ಎನ್ನಲಿಲ್ಲ. ಒಂದನ್ನು ಹಿಡಿದು ನಡೆ ಎಂದನು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವು ಮಹಾಯುದ್ಧದ ನಡುವೆ 1943ರಲ್ಲಿ ಹೊರಬಂದಿತು. ಅದರಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇನೂ ಕಡಿಮೆಯಿಲ್ಲ. ಅವನ್ನು ಕೇಳಿದವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ಕಟ್ಟಿದರು.

ಒಂದು ಮಾತು ಉಳಿಯಿತು. ಊಟ ಸೇರದೆ, ನಿದ್ದೆ ಬಾರದೆ, ವಾರಗಟ್ಟಲೆ ಕಳವಳವೊಂದೇ ಉಳಿದಾಗ ಅದು ವಿಚಾರದ ವಿಷಯವಲ್ಲ, ವೈದ್ಯನ ವಿಷಯ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮುಖ್ಯವೆಂದು ಚರಕಸಂಹಿತೆಯೂ ಎಣಿಸಿದೆ. ಅಂಥವನನ್ನು ಮನೋಬಲವಿಲ್ಲದವನೆಂದು ಹಳಿಯುವುದು ಒಳಗಿನ ಪೊಳ್ಳಿಗಾಗಿ ಕಲ್ಲನ್ನು ಬಯ್ದಂತೆ. ಮಾಲೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬೆಳಗ್ಗೆ ಹೊರಟವರು ಸಂಜೆಗೆ ಮನೆ ಸೇರಬಹುದು. ಹಲ್ಲುನೋವಿಗೆ ಅಷ್ಟು ದೂರ ಹೋಗುವವರು ಇದಕ್ಕೆ ಮಾತ್ರ ನೆರೆಮನೆಯವರ ಮುಖ ನೋಡುತ್ತಾರೆ.